ಮಾಮಾನ ಕಣ್ಣು ಮಾಡಿದ ಕೆಲಸ

"ಆಟಗಿ ಸಾಮಾನು ಬ್ಯಾಡ ತಂಗಿ, ಮುಂದ ಹೋಗು. ಹೋದ ವಾರ ತಂದ ಗಿಲಕೀನೇ ಕಲ್ಲಿಗೆ ಕುಟ್ಟಿ ಒಡದಾಳ ನಮ್ಮ ಹುಡುಗಿ."

ಅಫಜಲಪುರದ ಆ ಮನೆಯ ಬಾಗಿಲಲ್ಲಿ ನಿಂತು ಗೌರಾಬಾಯಿ ಕೈ ಬೀಸಿಯೇಬಿಟ್ಟಳು. ಶಿವಕಾಂತಾ ತನ್ನ ಹೆಗಲ ಚೀಲ ನೋಡಿಕೊಂಡಳು. ಅದರ ಬಾಯಿಂದ ಒಂದು ಬಣ್ಣದ ಚೆಂಡು, ಒಂದು ಗಂಟೆ, ಒಂದು ಗೊಂಬೆಯ ಅರ್ಧ ತಲೆ ಇಣುಕುತ್ತಿದ್ದವು. ಮುದುಕಿಯದೇನೂ ತಪ್ಪಿರಲಿಲ್ಲ ಬಿಡಿ.

"ಮಾರಾಕ ಬಂದಿಲ್ರಿ ಅಮ್ಮಾ. ನಾ ಟೀಚರ್ ರೀ. ಭಾಗ್ಯಾಗ ಕಲಿಸಾಕ ಬಂದೇನಿ."

ಮನೆಗೆ ಅಂಟಿಕೊಂಡ ಅಂಗಡಿಯಿಂದ ನಗು ಕೇಳಿಸಿತು. ಸುಟ್ಟ ಪಂಪ್‌ಸೆಟ್ ಮೋಟಾರುಗಳ ನಡುವೆ, ಮಡಿಲ ತುಂಬ ತಾಮ್ರದ ತಂತಿ ಹರವಿಕೊಂಡು ಒಬ್ಬ ಕೂತಿದ್ದ. ಅಂಗೈ ಕರ್ರಗೆ, ಹಲ್ಲು ಬೆಳ್ಳಗೆ.

"ಅವ್ವಾ, ಓಡಿಸಬ್ಯಾಡ. ನಾನರ ಒಂದು ಗಿರಿಗಿಟ್ಲಿ ತಗೋತೇನಿ," ಎಂದ ಅವನು.

"ನಿಮ್ಮ ವಯಸ್ಸಿನವರಿಗೆ ನಮ್ಮ ಹತ್ರ ಸಾಮಾನು ಇಲ್ರಿ," ಎಂದಳು ಶಿವಕಾಂತಾ, ನಗದೆ. ಅವನ ನಗು ಇನ್ನೂ ಜೋರಾಯಿತು. ಅವನೇ ಶಾಂತಕುಮಾರ, ಗೌರಾಬಾಯಿಯ ಮಗ, ಭಾಗ್ಯಾಳ ಸೋದರಮಾವ. ಹೆಸರಿನಲ್ಲಷ್ಟೇ ಶಾಂತ.

ಶಾಂತವಾಗಿರುವುದು ಶಿವಕಾಂತಾಗೂ ಬಾರದ ವಿದ್ಯೆ. ಜೇವರ್ಗಿ ತಾಲೂಕಿನ ಕೊಳಕೂರಿನ ಶಾಲೆಯಲ್ಲಿ ಕೂತಲ್ಲಿ ಕೂರದೆ ಎಷ್ಟು ಸಲ ಬಾಗಿಲ ಹೊರಗೆ ನಿಂತಿದ್ದಳೋ ಆಕೆಗೇ ಗೊತ್ತಿಲ್ಲ. ಆಗಲೇ ತೀರ್ಮಾನಿಸಿದ್ದಳು, ಕೂರಲಾಗದ ಮಕ್ಕಳಿಗೆ ತಾನು ಟೀಚರ್ ಆಗಬೇಕು ಎಂದು. ಆದರೆ ವಿಶೇಷ ಶಿಕ್ಷಕಿಯಾಗುವುದೆಂದರೆ ಸುಮ್ಮನೆ ಅಲ್ಲ. ಅದಕ್ಕೆಂದೇ ಬೇರೆ ಬಿ.ಎಡ್. ಇದೆ, ಅದರ ಕೊನೆಗೆ ಒಂದು ಮಗುವಿಗೆ ಕಲಿಸಿ ತೋರಿಸುವ ಪ್ರಾಯೋಗಿಕ ಪರೀಕ್ಷೆ ಇದೆ. ಅದು ಪಾಸಾದರೆ ದಿಲ್ಲಿಯ ಪುನರ್ವಸತಿ ಪರಿಷತ್ತಿನ ಪಟ್ಟಿಯಲ್ಲಿ ಹೆಸರು ಸೇರಿ ನೋಂದಣಿ ನಂಬರ್ ಬರುತ್ತದೆ. ನಂಬರ್ ಇಲ್ಲದವಳು ಅಂಥ ಮಕ್ಕಳ ಮುಂದೆ ಟೀಚರ್ ಅಂತ ನಿಲ್ಲುವ ಹಾಗಿಲ್ಲ.

ಹೋದ ವರ್ಷ ಆ ಪರೀಕ್ಷೆಯಲ್ಲಿ ಅವಳು ಫೇಲಾಗಿದ್ದಳು. ಪರೀಕ್ಷಕರನ್ನು ಕಂಡ ಮಗು ಅಳುವುದಕ್ಕೆ ಶುರುಮಾಡಿ, ಅದರ ಜೊತೆ ಇವಳೂ ಅತ್ತಿದ್ದಳು. ಅಪ್ಪ ಖಂಡಪ್ಪ ಅವತ್ತೇ ಮಾತು ತಗೊಂಡಿದ್ದ: "ಇನ್ನೊಂದು ಸಲ ನೋಡು. ಈ ಸಲ ಆಗಲಿಲ್ಲಂದ್ರ ಲಗ್ನಕ್ಕ ಹೂಂ ಅನ್ನಬೇಕು." ಲಗ್ನಕ್ಕೆ ಅತ್ತೆಯ ಮಗ ಕಲ್ಯಾಣಕುಮಾರ ತಯಾರಿದ್ದ. ಒಳ್ಳೆಯ ಹುಡುಗನೇ. ಆದರೆ ಅವನೆದುರು ಕೂತರೆ ಶಿವಕಾಂತಾಗೆ ಎರಡನೇ ನಿಮಿಷಕ್ಕೇ ಆಕಳಿಕೆ ಬರುತ್ತಿತ್ತು.

ಹೀಗಾಗಿ ಕಲಬುರಗಿಯ ಹಾಸ್ಟೆಲಿನಿಂದ ಚೌಡಾಪುರದ ಮೇಲೆ ಹಾಯ್ದು ಅಫಜಲಪುರಕ್ಕೆ ಬರುವ ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕ ಸೀಟು ಸಿಕ್ಕರೂ ನಾಲ್ಕು ಸಲ ಎದ್ದು ಕೂರುತ್ತಿದ್ದಳು. ಈ ಸಲದ ಪರೀಕ್ಷೆ ಭಾಗ್ಯಾಳ ಮನೆಯಲ್ಲೇ, ಅವಳಿಗೆ ಕಲಿಸಿ ತೋರಿಸುವುದು. ಅವಳು ಕಲಿತರೆ ತಾನು ಉಳಿದಂತೆ. ಇಲ್ಲವೆಂದರೆ ಆಕಳಿಸುತ್ತ ಬಾಳುವೆ.

ಭಾಗ್ಯವಂತಿಗೆ ಆಗ ಆರು ವರ್ಷ. ಘತ್ತರಗಿಯ ಭಾಗ್ಯವಂತಿ ದೇವಿಗೆ ಹರಕೆ ಹೊತ್ತು ಹೆತ್ತ ಮಗು, ಅದಕ್ಕೇ ಆ ಹೆಸರು. ತಾಯಿ ಸುನಿತಾ ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು, ಆಳಂದದ ಆಸ್ಪತ್ರೆಯಲ್ಲಿ ನರ್ಸ್ ಆಗಿ ವಾರವೆಲ್ಲ ಅಲ್ಲೇ ಇರುತ್ತಿದ್ದಳು. ಹುಡುಗಿಗೆ ಆಟಿಸಂ. ಮಾತಿಲ್ಲ. ಯಾರ ಮುಖವನ್ನೂ ನೋಡುವವಳಲ್ಲ. ತಿರುಗುವ ಫ್ಯಾನು ನೋಡುತ್ತ ತಾನೂ ತಿರುಗುವಳು. ನೀರಡಿಕೆಯಾದರೆ ತಲೆ ಗೋಡೆಗೆ ಬಡಿದುಕೊಳ್ಳುವಳು. ನೀರು ಬೇಕೋ ಬಿಸ್ಕೀಟು ಬೇಕೋ, ಮನೆಯವರು ಒಂದೊಂದೇ ತಂದು ತೋರಿಸಿ ಹೈರಾಣಾಗಬೇಕು.

ಶಿವಕಾಂತಾ ಕಾರ್ಡು ತಂದಳು. ಒಂದರ ಮೇಲೆ ನೀರಿನ ಲೋಟ, ಒಂದರ ಮೇಲೆ ಬಿಸ್ಕೀಟು, ಒಂದರ ಮೇಲೆ ಜೋಕಾಲಿ. ಎದುರಿಗಿಟ್ಟದ್ದು ಯಾವುದೋ ಅದರ ಚಿತ್ರ ತೆಗೆದು ಟೀಚರ್ ಕೈಗೆ ಕೊಡಬೇಕು, ಕೊಟ್ಟರೆ ಅದು ಸಿಗುತ್ತದೆ. ಮಾತಿಲ್ಲದವಳಿಗೆ ಅದೇ ಮಾತು. ಮೊದಮೊದಲು ಕೈ ಹಿಡಿದು ಕೊಡಿಸಬೇಕು, ಆಮೇಲೆ ಮೊಣಕೈ ಮುಟ್ಟಿದರೆ ಸಾಕು, ಕೊನೆಗೆ ಯಾರ ಸಹಾಯವೂ ಇರಬಾರದು. ಇದು ಕ್ರಮ.

ಆದರೆ ಭಾಗ್ಯಾ ಕೂತರೆ ತಾನೆ? ಮಾಮಾ ಕಾಣುವಲ್ಲಿ ಇದ್ದರಷ್ಟೇ ಅವಳು ಚಾಪೆಗೆ ಬರುತ್ತಿದ್ದಳು. ಹಾಗಾಗಿ ಶಾಂತಕುಮಾರ ತನ್ನ ತಂತಿ ಸುತ್ತುವ ಯಂತ್ರ ತಂದು ಅಂಗಡಿಗೂ ಪಾಠದ ಖೋಲಿಗೂ ನಡುವಿನ ಬಾಗಿಲಲ್ಲಿ ಇಟ್ಟುಕೊಂಡ. ಶಿವಕಾಂತಾಳ ಬೆನ್ನ ಹಿಂದೆ, ಭಾಗ್ಯಾಳ ಎದುರಿಗೆ.

"ನೀವು ಬಾಯಿ ಬಿಚ್ಚಬಾರ್ದು. ಕೈ ಸನ್ನಿ ಮಾಡಬಾರ್ದು," ಎಂದು ಅವಳು ಕಟ್ಟುನಿಟ್ಟು ಮಾಡಿದಳು.

"ಉಸಿರಾಡಬಹುದೇನ್ರಿ ಟೀಚರ್?"

"ಸಣ್ಣಗ."

ಅವನು ನಿಜವಾಗಿಯೂ ಬಾಯಿ ಬಿಚ್ಚುತ್ತಿರಲಿಲ್ಲ. ಆದರೆ ಬೆನ್ನಿಗೂ ಕಣ್ಣಿರುತ್ತದಲ್ಲ, ಅದೂ ಹೆಣ್ಣಿನ ಬೆನ್ನಿಗೆ. ತಂತಿ ಸುತ್ತುವ ಚಕ್ರದ ಸದ್ದು ಆಗಾಗ ನಿಲ್ಲುವುದು ಅವಳಿಗೆ ಗೊತ್ತಾಗುತ್ತಿತ್ತು. ನಿಂತಾಗೆಲ್ಲ ಜಡೆ ಸರಿಯಾಗಿದೆಯೋ ಇಲ್ಲವೋ ಎಂಬ ಚಿಂತೆ. ತಿರುಗಿ ನೋಡಿದರೆ ಅವನು ಚಕ್ರ ಸುತ್ತುತ್ತಿರುವವನೇ, ಬಲು ಕೆಲಸಗಾರ!

"ಏನ್ರಿ, ಮೋಟಾರ್ ಕೆಲಸ ಭಾಳ ಸಾವಕಾಶ ನಡದದ?"

"ಎಣಿಕಿ ತಪ್ಪಾಕತ್ತದರಿ. ಮತ್ತ ಮತ್ತ ಮೊದಲಿಂದ ಸುತ್ತಾಕತ್ತೇನಿ."

"ಯಾಕ ತಪ್ಪತದ?"

"ಅದನ್ನ ಕೇಳಬ್ಯಾಡ್ರಿ. ನೀವ ಬಾಯಿ ಬಿಚ್ಚಬಾರ್ದು ಅಂದೀರಿ."

ಪಾಠ ಮುಗಿದ ಮೇಲೆ ಗೌರಾಬಾಯಿ ಚುರುಮುರಿಯ ಸುಸ್ಲಾ ತಂದಿಡುತ್ತಿದ್ದಳು. ಅವನು ತನ್ನ ತಟ್ಟೆಯ ಶೇಂಗಾ ಆರಿಸಿ ಭಾಗ್ಯಾಗೆ ಕೊಡುವನು. ಹಾಗೆ ಕೊಡುವಾಗ ಎರಡು ಕಾಳು ದಾರಿ ತಪ್ಪಿ ಟೀಚರ್ ತಟ್ಟೆಗೆ ಬೀಳುವವು. ಯಾರೂ ಏನೂ ಅನ್ನುತ್ತಿರಲಿಲ್ಲ. ಮುದುಕಿಗೆ ಮಾತ್ರ ಆ ಹೊತ್ತಿಗೇ ಒಲೆಯ ಮೇಲೆ ಏನೋ ಉಕ್ಕಿದ ನೆನಪಾಗುತ್ತಿತ್ತು.

ಒಂದು ದಿನ ಭಾಗ್ಯಾ ತಾನೇ ನೀರಿನ ಕಾರ್ಡು ತೆಗೆದು ಶಿವಕಾಂತಾಳ ಕೈಗಿಟ್ಟಳು. ಮರುದಿನ ಬಿಸ್ಕೀಟು. ಅದರ ಮರುದಿನ ಯಾವುದನ್ನು ಎದುರಿಗಿಟ್ಟರೂ ಸರಿಯಾದ ಕಾರ್ಡೇ. ಶಿವಕಾಂತಾ ಚಾಪೆಯಿಂದ ಜಿಗಿದೆದ್ದು, ಎಲ್ಲಿದ್ದೇನೆ ಎಂಬುದು ಮರೆತು, ಶಾಂತಕುಮಾರನ ಎರಡೂ ಕರಿ ಕೈ ಹಿಡಿದು ಅಲ್ಲಾಡಿಸಿಬಿಟ್ಟಳು. ಅವತ್ತು ಬಸ್ಸಿನಲ್ಲಿ ಅಂಗೈಯ ಮಸಿಯನ್ನು ಒರೆಸಿಕೊಳ್ಳದೆ ಕಲಬುರಗಿ ಮುಟ್ಟಿದಳು. ಪ್ರೀತಿ ಆಗಿಬಿಟ್ಟಿದೆ ಎಂದು ಅವಳಿಗೆ ಗೊತ್ತಾದದ್ದು ಹಾಸ್ಟೆಲಿನ ನಳದ ಕೆಳಗೆ ಕೈ ಒಡ್ಡುವಾಗ. ತೊಳೆಯಲು ಮನಸ್ಸಾಗಲಿಲ್ಲ, ಅಷ್ಟೆ.

ಪರೀಕ್ಷೆಗೆ ಇನ್ನೊಂದೇ ವಾರ ಇತ್ತು. ಭೀಮಾ ದಂಡೆಯಲ್ಲಿ ಯಾರದೋ ಮೋಟಾರು ಕೆಸರಲ್ಲಿ ಹೂತಿದೆಯೆಂದು ಶಾಂತಕುಮಾರ ಬೆಳಿಗ್ಗೆಯೇ ಹೋಗಿದ್ದ. ಗೌರಾಬಾಯಿ ಭಾಗ್ಯಾಳನ್ನು ಹೇಗೋ ಪುಸಲಾಯಿಸಿ ಚಾಪೆಗೆ ಕೂರಿಸಿದಳು.

ಶಿವಕಾಂತಾ ನೀರು ಇಟ್ಟಳು. ಭಾಗ್ಯಾ ಜೋಕಾಲಿ ಕೊಟ್ಟಳು. ಬಿಸ್ಕೀಟು ಇಟ್ಟಳು, ನೀರು ಕೊಟ್ಟಳು. ಮತ್ತೆ ನೀರು ಇಟ್ಟರೆ ಮೂರೂ ಕಾರ್ಡು ಬಾಚಿ ಗಾಳಿಗೆ ತೂರಿ, ಬಾಗಿಲು ನೋಡುತ್ತ ಕಿರುಚತೊಡಗಿದಳು. ಜ್ವರವೇನಾದರೂ ಬಂದಿದೆಯೇ ಎಂದು ಶಿವಕಾಂತಾ ಹಣೆ ಮುಟ್ಟಿ ನೋಡಿದಳು. ಹಣೆ ತಣ್ಣಗಿತ್ತು.

ಮರುದಿನ ಅವನು ಬಾಗಿಲಲ್ಲಿದ್ದ. ನೀರಿಗೆ ನೀರು, ಬಿಸ್ಕೀಟಿಗೆ ಬಿಸ್ಕೀಟು, ಒಂದೂ ತಪ್ಪಲಿಲ್ಲ. ಶಿವಕಾಂತಾಗೆ ಖುಷಿಯಾಗಲಿಲ್ಲ. ಅವಳು ಮೊದಲ ಬಾರಿಗೆ ಕಾರ್ಡು ಬಿಟ್ಟು ಹುಡುಗಿಯ ಮುಖವನ್ನೇ ನೋಡುತ್ತ ಕೂತಳು. ಭಾಗ್ಯಾ ನೀರು ನೋಡಲಿಲ್ಲ, ಕಾರ್ಡೂ ನೋಡಲಿಲ್ಲ. ಟೀಚರ್ ಹೆಗಲ ಮೇಲಿಂದ ಹಾಯ್ದು ಮಾಮಾನ ಕಣ್ಣು ನೋಡಿದಳು. ಆ ಕಣ್ಣು ಎಲ್ಲಿ ಹೋಯಿತೋ ಅಲ್ಲಿಗೆ ಅವಳ ಕೈ ಹೋಯಿತು.

ಶಿವಕಾಂತಾ ತಟ್ಟನೆ ತಿರುಗಿದಳು. ಶಾಂತಕುಮಾರ ಚಕ್ರ ಬಿಟ್ಟು, ಕುತ್ತಿಗೆ ಉದ್ದ ಮಾಡಿ, ನೀರಿನ ಕಾರ್ಡನ್ನೇ ದಿಟ್ಟಿಸುತ್ತಿದ್ದ.

"ನೀವು!" ಎಂದಳು. ಕಾರ್ಡು ಚಾಪೆಯ ಮೇಲೇ ಬಿಟ್ಟು ಎದ್ದಳು.

ಅಂಗಡಿಯೊಳಗೆ ಹೋಗಿ ನಿಂತ ಮೇಲೆ ಮಾತು ಬಂತು, ಬೇಕಾದ್ದಕ್ಕಿಂತ ಹೆಚ್ಚೇ ಬಂತು. "ಆಕಿ ಕಾರ್ಡು ಕಲತಿಲ್ಲ. ನಿಮ್ಮ ಕಣ್ಣು ಕಲತಾಳ! ಇಷ್ಟು ದಿನ ನಾ ಕುಣದಾಡಿದ್ದು ಸುಳ್ಳಿಗೆ ಏನ್ರಿ? ನನ್ನ ಪರೀಕ್ಷಾ ನಿಮಗ ಚೇಷ್ಟಿ ಅನಸ್ತದ?"

ಅವನ ಮುಖ ಬಿಳಿಚಿಕೊಂಡಿತು. "ಖರೇ ಹೇಳ್ತೇನಿ, ಬೇಕಂತ ಮಾಡಿಲ್ರಿ. ಆಕಿ ನನ್ನ ನೋಡ್ತಾಳ ಅಂತ ನನಗೂ ಗೊತ್ತಿದ್ದಿಲ್ಲ."

"ಮತ್ತ ಕಾರ್ಡು ಯಾಕ ಹಂಗ ನೋಡ್ತಿದ್ರಿ?"

ಅವನು ಕೈಯಲ್ಲಿದ್ದ ತಂತಿ ಸೊಟ್ಟ ಮಾಡಿದ, ನೆಟ್ಟಗೆ ಮಾಡಿದ. "ಭಾಗ್ಯಾ ತಪ್ಪು ಕಾರ್ಡು ತಗೊಂಡಾಗ ನಿಮ್ಮ ಹೆಗಲು ಇಷ್ಟ ಇಳಿತಿತ್ತು. ನನಗ ಅದನ್ನ ನೋಡಾಕ ಆಗ್ತಿದ್ದಿಲ್ಲ. ಬರೋಬರಿ ಕಾರ್ಡು ತಗೋಲಿ, ತಗೋಲಿ ಅಂತ ಮನಸಿನಾಗ ಬೇಡ್ಕೋತ ಅದನ್ನ ನೋಡ್ಕೋತ ಕೂಡ್ತಿದ್ದೆ. ನನ್ನ ಜೀವ ನಿಮ್ಮ ಮ್ಯಾಲ ಅದರಿ ಟೀಚರ್. ಕಣ್ಣಿಗೆ ಅದನ್ನ ಮುಚ್ಚಿಡಾಕ ಬರಲಿಲ್ಲ."

ಸಿಟ್ಟು ಎದೆಯಲ್ಲಿದ್ದ ಹಾಗೆಯೇ ಅದರ ಪಕ್ಕದಲ್ಲಿ ಇನ್ನೊಂದು ಏನೋ ಬಂದು ಕೂತಿತು. ಶಿವಕಾಂತಾಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ನಡೆದಳು. ಅಂಗಡಿ ಸಣ್ಣದು, ಪ್ರತಿ ಸಲ ಅವನ ಎದುರೇ ಬಂದು ನಿಲ್ಲಬೇಕಾಗುತ್ತಿತ್ತು.

"ಒಂದು ಮಾತು ಹೇಳ್ಲೇನ್ರಿ?" ಎಂದ ಅವನು ತಗ್ಗಿದ ದನಿಯಲ್ಲಿ. "ಪರೀಕ್ಷಾ ದಿನನೂ ನಾ ಬಾಗಿಲದಾಗ ಕೂಡ್ತೇನಿ. ಯಾರಿಗೂ ಗೊತ್ತಾಗಂಗಿಲ್ಲ. ನಿಮ್ಮ ನಂಬರ್ ಬರ್ಲಿ. ಭಾಗ್ಯಾಗ ಆಮ್ಯಾಗ ಕಲಸಿದ್ರಾತು."

ಅವಳು ತಕ್ಷಣ ಬೇಡ ಅನ್ನಲಿಲ್ಲ. ಅದನ್ನು ಮುಚ್ಚಿಡುವುದೇಕೆ. ಚೀಲ ಎತ್ತಿಕೊಂಡು ಬಸ್ಸಿಗೆ ಹೋದಳು. ಆ ವಾರವೆಲ್ಲ ಅವಳಿಗೆ ಊಟ ರುಚಿಸಲಿಲ್ಲ. ಅವನು ಕೂತರೆ ಪಾಸು, ನಂಬರ್, ಕೆಲಸ, ಅಪ್ಪನ ಎದುರು ತಲೆ ಎತ್ತಿ ನಿಲ್ಲುವುದು. ಕೂರದಿದ್ದರೆ ಕಲ್ಯಾಣಕುಮಾರ. ಲೆಕ್ಕ ಸರಳವಾಗಿತ್ತು. ಆದರೆ ಶಿವಕಾಂತಾ ಹಾಸ್ಟೆಲಿನ ಅಂಗಳದಲ್ಲಿ ಬಟ್ಟೆ ಒಣಹಾಕುತ್ತ ನಿಂತಾಗ ಬೇರೆಯದೇ ಕಣ್ಣಿಗೆ ಕಟ್ಟುತ್ತಿತ್ತು: ಮಾಮಾ ಊರಲ್ಲಿಲ್ಲದ ದಿನ ನೀರಡಿಸಿದ ಭಾಗ್ಯಾ, ಕೈಯಲ್ಲಿ ಜೋಕಾಲಿಯ ಕಾರ್ಡು, ತಲೆ ಗೋಡೆಗೆ. ಆ ಹುಡುಗಿಯ ಟೀಚರ್ ಎಂದು ನಂಬರ್ ಹಾಕಿಕೊಂಡು ತಿರುಗುವವಳು ತಾನು. ಥೂ!

ಪರೀಕ್ಷೆಯ ಬೆಳಿಗ್ಗೆ ಅವಳು ಅಂಗಡಿಗೆ ಹೋಗಿ ಇಷ್ಟೇ ಹೇಳಿದಳು: "ನಡುವಿನ ಬಾಗಿಲು ಹಾಕ್ಕೋರಿ. ಒಳಗಿಂದ ಏನರ ಕೇಳಿಸಿದ್ರೂ ಬರಬ್ಯಾಡ್ರಿ."

"ಶಿವಕಾಂತಾ," ಎಂದ ಅವನು. ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಫೇಲಾದ್ರ?"

"ಆದ್ರ ಆಗ್ತೇನಿ. ಬಾಗಿಲು ಹಾಕ್ರಿ."

ಹೊರಗಿನ ಪರೀಕ್ಷಕಿಯಾಗಿ ಬಂದವರು ಬೀದರಿನ ಫಕ್ರುನ್ನಿಸಾ ಮೇಡಂ. ಅವರ ಕೈಯಲ್ಲಿ ಪಾಸಾಗುವುದು ಕಲ್ಲಿನಿಂದ ಎಣ್ಣೆ ತೆಗೆದ ಹಾಗೆ ಎಂದು ಕಾಲೇಜಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಗೌರಾಬಾಯಿ ಇಟ್ಟ ಚಹಾ ಮುಟ್ಟದೆ ಕುರ್ಚಿಯಲ್ಲಿ ಕೂತರು. "ಶುರು ಮಾಡು ಬೇಟಾ."

ನೀರು ಇಟ್ಟಳು. ಭಾಗ್ಯಾ ಬಾಗಿಲು ನೋಡಿದಳು. ಬಾಗಿಲು ಮುಚ್ಚಿತ್ತು. ಬಿಸ್ಕೀಟಿನ ಕಾರ್ಡು ಕೊಟ್ಟಳು. ಎರಡನೇ ಸಲವೂ ತಪ್ಪು. ಮೂರನೇ ಸಲ ಕಾರ್ಡು ನೆಲಕ್ಕೆ ಬಿತ್ತು. ಗೋಡೆಯಾಚೆ ತಂತಿ ಸುತ್ತುವ ಸದ್ದೂ ಇರಲಿಲ್ಲ. ಮೇಡಂ ಪೆನ್ನು ಬರೆಯುತ್ತಿತ್ತು. ಶಿವಕಾಂತಾ ಲೋಟ ಪಕ್ಕಕ್ಕೆ ಸರಿಸಿದಳು.

"ಮೇಡಂ, ಈ ಮಗು ಕಾರ್ಡು ಕಲತಿಲ್ರಿ. ಆಕಿ ಮಾಮಾ ಆ ಬಾಗಿಲದಾಗ ಕೂಡ್ತಿದ್ರು. ಅವರ ಕಣ್ಣು ನೋಡಿ ಕೊಡ್ತಿದ್ದಳು. ನನಗ ಹೋದ ವಾರ ಗೊತ್ತಾತು. ಅವರನ್ನ ಇವತ್ತೂ ಕೂಡಿಸಿದ್ರ ನಾ ಪಾಸಾಗ್ತಿದ್ದೆ. ಬ್ಯಾಡ ಅನಸ್ತು."

ಹೇಳಿ ಮುಗಿಸುವ ಮೊದಲೇ ಗದ್ದದ ಮೇಲೆ ಪುಟ್ಟ ಕೈಯೊಂದು ಬಿತ್ತು. ಭಾಗ್ಯಾ ಚಾಪೆ ದಾಟಿ ಬಂದು, ಟೀಚರ್ ಮುಖ ತನ್ನತ್ತ ತಿರುಗಿಸಿ, ಅವಳ ಕಣ್ಣಲ್ಲಿ ಕಣ್ಣಿಟ್ಟಳು. ಮಾಮಾ ಇಲ್ಲ, ಈಗ ನೀನು ಹೇಳು ಎಂದು ಕೇಳುವ ಹಾಗೆ. ಇಷ್ಟು ದಿನದಲ್ಲಿ ಒಮ್ಮೆಯೂ ಹಾಗೆ ನೋಡಿರಲಿಲ್ಲ. ಶಿವಕಾಂತಾಳ ಕಣ್ಣು ತಾನಾಗಿಯೇ ನೀರಿನ ಕಾರ್ಡಿನ ಕಡೆ ಹೊರಟಿತು. ಅವಳು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು. ಭಾಗ್ಯಾ ಎರಡು ಬೆರಳಿನಿಂದ ಆ ರೆಪ್ಪೆಗಳನ್ನು ಎಬ್ಬಿಸತೊಡಗಿದಳು. ಮುಚ್ಚಿದ ರೆಪ್ಪೆಯಡಿಯಿಂದ ನೀರು ಇಳಿದು ಹುಡುಗಿಯ ಬೆರಳು ತೋಯ್ದವು.

ಫಕ್ರುನ್ನಿಸಾ ಮೇಡಂ ಕುರ್ಚಿಯಿಂದ ಇಳಿದು ಚಾಪೆಗೇ ಬಂದು ಕೂತರು. "ಯಾರ ಮಾರಿನೂ ನೋಡಂಗಿಲ್ಲ ಅಂತ ನಿನ್ನ ರಿಪೋರ್ಟಿನಾಗ ಬರದಿ ನೀ, ಈ ಹುಡುಗಿ."

"ಮೊದಲ ನೋಡ್ತಿದ್ದಿಲ್ರಿ."

"ಈಗ ಕಣ್ಣು ಎಲ್ಲಿ ಹೋಗ್ತದೋ ಅಲ್ಲಿ ಹಿಂದ ಹೋಗಾಕತ್ತಾಳ. ಇದು ಕಾರ್ಡಿಗಿಂತ ಮುಶ್ಕಿಲ್ ಪಾಠ, ಗೊತ್ತೇನು? ನಮ್ಮಂಥವರು ವರ್ಷಗಟ್ಟಲೆ ಕಲಸಾಕ ಹೋಗಿ ಸೋತೇವಿ. ಆ ಮಾಮಾಗ ಯಾರರ ಟ್ರೇನಿಂಗ್ ಕೊಟ್ಟಿದ್ರೇನು?"

"ಇಲ್ರಿ. ಅವರ ಕಣ್ಣು ಸುಮ್ನ ಇರಂಗಿಲ್ರಿ, ಅಷ್ಟ."

ಮೇಡಂ ಅವಳ ಕೆಂಪೇರಿದ ಕಿವಿ ನೋಡಿದರು. ಏನೋ ತಿಳಿದವರ ಹಾಗೆ ಕೆಮ್ಮಿದರು. "ಆದ್ರ ಮಾರ್ಕ್ಸ್ ಕೊಡಾಕ ಆಗಂಗಿಲ್ಲ ಬೇಟಾ. ಕಾರ್ಡು ಕಲಸ್ತೇನಿ ಅಂದಿದ್ದಿ, ಕಲಸಿಲ್ಲ. ಮೂರು ತಿಂಗಳಿಗೆ ಮತ್ತ ಬರ್ತೇನಿ. ಕಣ್ಣು ನೋಡೂದು ಬಂದದ, ಅದರ ಕೈ ಹಿಡ್ಕೊಂಡು ಕಾರ್ಡಿಗೆ ಕರಕೊಂಡು ಹೋಗು. ಅವತ್ತು ನೀ ಕಣ್ಣು ಮುಚ್ಚೂ ಜರೂರಿ ಬೀಳಬಾರ್ದು." ಹೊರಡುವಾಗ ತಣ್ಣಗಾದ ಚಹಾ ಎತ್ತಿ ಕುಡಿದರು. ಗೌರಾಬಾಯಿಗೆ ಅದೊಂದೇ ಸಮಾಧಾನ.

ಶಿವಕಾಂತಾ ನಡುವಿನ ಬಾಗಿಲು ತಳ್ಳಿದಳು. ಶಾಂತಕುಮಾರ ಅದಕ್ಕೇ ಬೆನ್ನು ಕೊಟ್ಟು ನೆಲದಲ್ಲಿ ಕೂತಿದ್ದ. ಎಲ್ಲ ಕೇಳಿಸಿಕೊಂಡಿದ್ದ.

"ನಿಮ್ಮ ನಂಬರ್ ನಾನೇ ತಿಂದೆ," ಎಂದ. "ಇನ್ನ ನೀವು ಕೊಳಕೂರಿಗೆ ಹೋಗ್ತೀರಿ. ನಿಮ್ಮಪ್ಪಾರು ಲಗ್ನ ಮಾಡ್ತಾರ." ಅಪ್ಪನ ಷರತ್ತು ಗೌರಾಬಾಯಿಗೆ ಗೊತ್ತಿತ್ತು. ಹಾಗಾಗಿ ಓಣಿಗೆಲ್ಲ ಗೊತ್ತಿತ್ತು.

ಉತ್ತರ ಕೊಡುವುದರೊಳಗೆ ಅವಳ ಫೋನು ಬಡಿದುಕೊಂಡಿತು. ಅಪ್ಪನೇ. ಖಂಡಪ್ಪ ಫೋನಿನಲ್ಲಿ ಮಾತಾಡಿದರೆ ಎರಡು ಹೊಲ ಆಚೆಗೂ ಕೇಳಿಸುತ್ತದೆ, ಈ ಸಣ್ಣ ಅಂಗಡಿ ಯಾವ ಲೆಕ್ಕ.

"ಏನಾತವ್ವಾ?"

"ಆಗಲಿಲ್ಲಪ್ಪಾ. ಮೂರು ತಿಂಗಳಿಗೆ ಮತ್ತ ಅದ."

"ಹೂಂ… ಮಾತು ನೆನಪದ ಹೌದಲ್ಲ?"

"ನೆನಪದ. ಲಗ್ನ ಆಗ್ತೇನಿ."

ಶಾಂತಕುಮಾರ ಎದ್ದು ನಿಂತ. ನಿಂತವನಿಗೆ ಎಲ್ಲಿಗೆ ಹೋಗಬೇಕೋ ತಿಳಿಯದೆ ಮೋಟಾರೊಂದನ್ನು ಹಿಡಿದುಕೊಂಡ.

"ಆದ್ರ ಕಲ್ಯಾಣಕುಮಾರನ್ನ ಅಲ್ಲಪ್ಪಾ. ಲಗ್ನಕ್ಕ ಹೂಂ ಅನ್ನು ಅಂದಿದ್ದಿ, ಅಂದೆ. ಹುಡುಗನ್ನ ನಾ ನೋಡೇನಿ. ನನಗ ಭಾಳ ಮನಸಿಗೆ ಬಂದಾನ. ಅಂವ ಬಿಟ್ಟು ಬ್ಯಾರೆ ಯಾರ ಜೋಡಿನೂ ನಾ ಬಾಳ್ವಿ ಮಾಡಂಗಿಲ್ಲ."

ಆ ಕಡೆ ಎತ್ತಿನ ಕೊರಳಿನ ಗೆಜ್ಜೆ ಕೇಳಿಸಿತು.

"ಯಾಂವ ಅಂವ?" ಎಂದ ಖಂಡಪ್ಪ.

"ಅಫಜಲಪುರದಾಂವ. ಮೋಟಾರ್ ವೈಂಡಿಂಗ್ ಮಾಡ್ತಾನ."

"ಬಾಳಿಕಿ ಬರಂಗ ಸುತ್ತತಾನೋ, ಜೇವರ್ಗಿಯಾಂವನಂಗ ತಿಂಗಳಿಗೆ ಸುಡೂ ಹಂಗ ಸುತ್ತತಾನೋ?"

"ಅಪ್ಪಾ!"

"ಕೇಳು. ಅಕ್ಕನ ಮನಿಗೆ ಕೊಟ್ಟಿದ್ರ ಬ್ಯಾರೆ ಮಾತು, ಫೇಲಾದ್ರೂ ನಡೀತಿತ್ತು. ಹೊರಗಿನವರ ಮನಿಗೆ ಎರಡು ಸಲ ಫೇಲಾದ ಹುಡುಗೀನ ಯಾವ ಮಾರಿ ಇಟ್ಕೊಂಡು ಕೊಡ್ಲಿ? ಮೊದಲ ಆ ನಂಬರ್ ತಗೋ. ಆಮ್ಯಾಗ ಅವರ ಅವ್ವನ್ನ ಕರಕೊಂಡು ಬಾ ಅನ್ನು. ನಂಬರ್ ಇಲ್ದ ಲಗ್ನ ಇಲ್ಲ."

ಫೋನು ಕಟ್ಟಾಯಿತು. ಒಳಗೆ ಗೌರಾಬಾಯಿ ಯಾರೂ ಕೇಳದಿದ್ದರೂ ಸುಸ್ಲಾಕ್ಕೆ ಒಗ್ಗರಣೆ ಹಾಕುತ್ತಿದ್ದಳು.

ಶಾಂತಕುಮಾರ ಇನ್ನೂ ಮೋಟಾರು ಬಿಟ್ಟಿರಲಿಲ್ಲ. ನಗುತ್ತಿದ್ದ, ಕಣ್ಣು ಒರೆಸಿಕೊಳ್ಳುತ್ತಿದ್ದ, ಕೆನ್ನೆಗೆಲ್ಲ ಮಸಿ. "ಅಂದ್ರ ಇನ್ನ ಮೂರು ತಿಂಗಳು ನಾ ಆ ಬಾಗಿಲದಾಗ ಕೂಡಂಗಿಲ್ಲ. ಕಿಡಕಿಯಾಗೂ ಇಣಕಂಗಿಲ್ಲ. ನಮ್ಮವ್ವನ ಆಣಿ."

"ಕೂಡಬ್ಯಾಡ್ರಿ."

"ಮತ್ತ ನಿಮ್ಮನ್ನ ನೋಡೂದು ಹೆಂಗ್ರಿ?"

ಶಿವಕಾಂತಾ ಸೆರಗಿನ ತುದಿಯಿಂದ ಅವನ ಕೆನ್ನೆಯ ಮಸಿ ಒರೆಸಹೋಗಿ ಇನ್ನಷ್ಟು ಹರಡಿದಳು. "ಸಂಜಿ ಬಸ್‌ಸ್ಟ್ಯಾಂಡಿಗೆ ಬರ್ರಿ. ಅಲ್ಲಿ ಯಾರೂ ಮಾರ್ಕ್ಸ್ ಹಾಕಂಗಿಲ್ಲ, ಎಷ್ಟು ಬೇಕಾದ್ರೂ ನೋಡ್ರಿ."